ಬಂಡೀಪುರದ ಗೇಟು, ಬ್ಲ್ಯಾಕ್ ಬರ್ಡ್ ತೊರೆಯ ಅಣೆಕಟ್ಟು

ಗುಂಡ್ಲುಪೇಟೆ ದಾಟಿದ ಮೇಲೆ ಬಂಡೀಪುರದ ಕಾಡಿನೊಳಗೆ ಹಾದುಹೋಗುವ ಎರಡು ಹೆದ್ದಾರಿಗಳು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತವೆ. ಒಂದು ಸುಲ್ತಾನ್ ಬತ್ತೇರಿಯ ಮೂಲಕ ಕಲ್ಲಿಕೋಟೆಗೆ ಹೋಗುವ 766 (ಮೊದಲಿನ 212), ಇನ್ನೊಂದು ಊಟಿಯ ಕಡೆಗಿನ 181 (ಮೊದಲಿನ 67). 2009ರ ಜೂನ್‌ನಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿ ಈ ನಿಷೇಧದ ಆದೇಶ ಹೊರಡಿಸಿದರು. ಕೆಲವೇ ದಿನಗಳಲ್ಲಿ ಒತ್ತಡ ಬಂದು ಆದೇಶ ವಾಪಸಾಯಿತು. ಆಮೇಲೆ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದರ ಮೇಲೆ ಕರ್ನಾಟಕ ಹೈಕೋರ್ಟ್ ಅದನ್ನು ಮತ್ತೆ ಜಾರಿಗೆ ತಂದು, 2010ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು. ಕೇರಳ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. ಅಂದಿನಿಂದ ವಯನಾಡಿನಲ್ಲಿ ಚುನಾವಣೆ ಬಂದಾಗಲೆಲ್ಲ ಗೇಟು ತೆಗೆಸುವ ಮಾತು ಏಳುತ್ತದೆ, ಮೈಸೂರಿನಲ್ಲಿ ಅದಕ್ಕೆ ಪ್ರತಿಯಾಗಿ ಕಾಡು ಉಳಿಸುವ ಮೆರವಣಿಗೆ ಹೊರಡುತ್ತದೆ. ಎರಡೂ ಕಡೆಯವರು ಸಂವಿಧಾನದ ಹೆಸರು ಹೇಳುತ್ತಾರೆ. ಅವರು ಹೇಳುವ ಸಂವಿಧಾನ ಯಾವುದು ಎಂಬುದನ್ನು ನೋಡಬೇಕಾಗಿದೆ, ಏಕೆಂದರೆ ಎರಡೂ ಕಡೆಯಲ್ಲಿ, ಅದರಲ್ಲೂ ಗೇಟು ತೆಗೆಯಿರಿ ಎನ್ನುವವರ ಕಡೆಯಲ್ಲಿ, ಒಂದು ಗೊಂದಲ ಬಲವಾಗಿ ಬೇರೂರಿದೆ.

ಗೇಟು ತೆಗೆಯಿರಿ ಎನ್ನುವವರ ವಾದವನ್ನು ಅದರ ಅತ್ಯಂತ ಬಲವಾದ ರೂಪದಲ್ಲೇ ಇಡೋಣ. ಭಾರತ ಒಂದೇ ದೇಶ, ಒಂದೇ ಮಾರುಕಟ್ಟೆ. ದೇಶದ ಯಾವ ಮೂಲೆಗೂ ಮುಕ್ತವಾಗಿ ಓಡಾಡುವ ಹಕ್ಕನ್ನು 19(1)(ಡಿ) ವಿಧಿ ಕೊಟ್ಟಿದೆ, ವ್ಯಾಪಾರ, ವಾಣಿಜ್ಯ, ಸಂಪರ್ಕ ದೇಶದುದ್ದಕ್ಕೂ ಮುಕ್ತವಾಗಿರತಕ್ಕದ್ದು ಎಂದು 301ನೇ ವಿಧಿ ಸಾರಿದೆ. ಇದು ರಾಷ್ಟ್ರೀಯ ಹೆದ್ದಾರಿ, ಯಾವುದೋ ಗ್ರಾಮ ಪಂಚಾಯಿತಿಯ ರಸ್ತೆಯಲ್ಲ. ಇಂಥ ರಸ್ತೆಯನ್ನು ಒಂದು ಜಿಲ್ಲೆಯ ಅಧಿಕಾರಿ ದಿನಕ್ಕೆ ಒಂಬತ್ತು ತಾಸು ಮುಚ್ಚಬಹುದಾದರೆ ಆ ಎರಡು ವಿಧಿಗಳಿಗೆ ಏನರ್ಥ? ಅದರಲ್ಲೂ ಇದರಿಂದ ತೊಂದರೆಗೆ ಒಳಗಾಗುವವರಲ್ಲಿ ಬಹುಪಾಲು ಜನ ನೆರೆಯ ರಾಜ್ಯದವರು. ಆದೇಶ ಹೊರಡಿಸಿದ ಸರ್ಕಾರವನ್ನು ಅವರು ಚುನಾಯಿಸಿಲ್ಲ, ಇಳಿಸಲೂ ಆರರು. ಈ ವಾದದ ಕೊನೆಗೆ ಸಾಮಾನ್ಯವಾಗಿ ಅಮೆರಿಕ ಬರುತ್ತದೆ: ಮೂಲಭೂತ ಹಕ್ಕುಗಳ ಕಲ್ಪನೆ ನಮಗೆ ಬಂದದ್ದೇ ಅಲ್ಲಿಂದ, ಅಲ್ಲಿ ಒಂದು ರಾಜ್ಯ ಇನ್ನೊಂದು ರಾಜ್ಯದ ಲಾರಿಯನ್ನು ಗಡಿಯಲ್ಲಿ ನಿಲ್ಲಿಸುವುದನ್ನು ಕನಸಿನಲ್ಲೂ ಯೋಚಿಸುವಂತಿಲ್ಲ, ಇನ್ನೂರು ವರ್ಷಗಳ ಹಿಂದೆಯೇ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ತೀರ್ಮಾನಿಸಿಬಿಟ್ಟಿದೆ.

ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮತವಿಲ್ಲದವರ ಮೇಲೆ ಹೊರೆ ಹೊರಿಸುವ ಪ್ರಶ್ನೆಯಂತೂ ನಿಜವಾದ ಸಾಂವಿಧಾನಿಕ ಪ್ರಶ್ನೆಯೇ. ಆದರೆ ವಾದದ ಮೊದಲ ಹೆಜ್ಜೆಯೇ ಜಾರುತ್ತದೆ. 19(1)(ಡಿ) ಒಂಟಿಯಾಗಿ ನಿಂತಿಲ್ಲ. ಸಾರ್ವಜನಿಕರ ಹಿತಕ್ಕಾಗಿ ಸಮಂಜಸವಾದ ನಿರ್ಬಂಧ ಹೇರಬಹುದು ಎಂಬ 19(5) ಅದರ ಬೆನ್ನಿಗೇ ಇದೆ. 301ನೇ ವಿಧಿಯೂ ‘ಈ ಭಾಗದ ಇತರ ಉಪಬಂಧಗಳಿಗೆ ಒಳಪಟ್ಟು’ ಎಂದೇ ಶುರುವಾಗುತ್ತದೆ. ಸಾರ್ವಜನಿಕ ಹಿತಕ್ಕೆ ಅಗತ್ಯವಿದ್ದರೆ ಸಂಸತ್ತು ಕಾನೂನಿನ ಮೂಲಕ ನಿರ್ಬಂಧಿಸಬಹುದು ಎನ್ನುತ್ತದೆ 302. ರಾಷ್ಟ್ರಪತಿಯ ಪೂರ್ವ ಮಂಜೂರಾತಿ ಪಡೆದು ರಾಜ್ಯ ಶಾಸಕಾಂಗವೂ ಸಮಂಜಸವಾದ ನಿರ್ಬಂಧ ತರಬಹುದು ಎನ್ನುತ್ತದೆ 304(ಬಿ). ಹೀಗಾಗಿ ‘ಸ್ವಾತಂತ್ರ್ಯವಿದೆ, ಆದ್ದರಿಂದ ಮುಚ್ಚುವಂತಿಲ್ಲ’ ಎನ್ನುವುದು ವಾಕ್ಯವನ್ನು ಅರ್ಧಕ್ಕೇ ಓದಿ ಪುಸ್ತಕ ಮಡಚಿದ ಹಾಗೆ. ಸ್ವಾತಂತ್ರ್ಯವಿದೆ ಎಂಬುದರಲ್ಲಿ ತಕರಾರಿಲ್ಲ. ಅದು ಯಾವ ಬಗೆಯ ಮುಚ್ಚುವಿಕೆಯನ್ನು ತಡೆಯಲು ಹುಟ್ಟಿತು, ಯಾವುದನ್ನು ಸಹಿಸುತ್ತದೆ ಎಂಬುದು ಪ್ರಶ್ನೆ. ಇದಕ್ಕೆ ಅಮೆರಿಕದ ಇತಿಹಾಸ ನಿಜಕ್ಕೂ ಉಪಯುಕ್ತ. ಆದರೆ ಅದು ಹೇಳುವುದು, ಅದರ ಹೆಸರು ಹೇಳುವವರು ಅಂದುಕೊಂಡದ್ದಕ್ಕೆ ಹೆಚ್ಚುಕಡಿಮೆ ವಿರುದ್ಧವಾದದ್ದನ್ನು.

ಅಮೆರಿಕದ ಸಂವಿಧಾನದಲ್ಲಿ ನಮ್ಮ 301ರಂಥ ವಿಧಿಯೇ ಇಲ್ಲ. ಮೊದಲನೇ ವಿಧಿಯ 8ನೇ ಪ್ರಕರಣ ಹೇಳುವುದು ಇಷ್ಟು: ರಾಜ್ಯಗಳ ನಡುವಿನ ವಾಣಿಜ್ಯವನ್ನು ನಿಯಂತ್ರಿಸುವ ಅಧಿಕಾರ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿಗೆ ಇದೆ. ಕಾಂಗ್ರೆಸ್ ಸುಮ್ಮನಿದ್ದಾಗ ರಾಜ್ಯಗಳು ಏನು ಮಾಡಬಹುದು, ಏನು ಮಾಡುವಂತಿಲ್ಲ ಎಂಬುದರ ಬಗ್ಗೆ ಅಲ್ಲಿ ಒಂದಕ್ಷರವೂ ಇಲ್ಲ. ಆ ಮೌನದಿಂದ ಒಂದು ಇಡೀ ನ್ಯಾಯಸಿದ್ಧಾಂತವನ್ನು ಕಟ್ಟಿದವರು ನ್ಯಾಯಾಧೀಶರು, ಅದನ್ನು ಇಂದಿಗೂ ಒಪ್ಪದ ನ್ಯಾಯಾಧೀಶರೂ ಇದ್ದಾರೆ. ಎಲ್ಲರೂ ಉಲ್ಲೇಖಿಸುವ 1824ರ ಗಿಬ್ಬನ್ಸ್ ವಿರುದ್ಧ ಆಗ್ಡನ್ ಪ್ರಕರಣದಲ್ಲಿ ನ್ಯೂಯಾರ್ಕ್ ರಾಜ್ಯ ತನ್ನ ನೀರಿನಲ್ಲಿ ಹಬೆದೋಣಿ ಓಡಿಸುವ ಏಕಸ್ವಾಮ್ಯವನ್ನು ಲಿವಿಂಗ್‌ಸ್ಟನ್ ಮತ್ತು ಫುಲ್ಟನ್ ಅವರಿಗೆ ಬರೆದುಕೊಟ್ಟಿತ್ತು, ಆಗ್ಡನ್ ಅವರಿಂದ ಪರವಾನಗಿ ಪಡೆದವನು. ನ್ಯೂಜೆರ್ಸಿಯಿಂದ ದೋಣಿ ತಂದ ಗಿಬ್ಬನ್ಸ್‌ನನ್ನು ಅವನು ತಡೆಸಿದ. ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಏಕಸ್ವಾಮ್ಯವನ್ನು ಹೊಡೆದುಹಾಕಿದರು. ವಾಣಿಜ್ಯಾಧಿಕಾರದ ಬಗ್ಗೆ ಅವರು ಬಲು ವಿಸ್ತಾರವಾಗಿ ಬರೆದದ್ದು ನಿಜ. ಆದರೆ ಕೊನೆಯಲ್ಲಿ ತೀರ್ಪು ನಿಂತದ್ದು ಗಿಬ್ಬನ್ಸ್‌ನ ಬಳಿ ಕಾಂಗ್ರೆಸ್ಸಿನ 1793ರ ಕಾಯ್ದೆಯಡಿ ಪಡೆದ ಲೈಸೆನ್ಸ್ ಇತ್ತು ಎಂಬುದರ ಮೇಲೆ. ಕೇಂದ್ರದ ಕಾನೂನಿಗೂ ರಾಜ್ಯದ ಕಾನೂನಿಗೂ ಘರ್ಷಣೆಯಾದಾಗ ಕೇಂದ್ರದ್ದು ಗೆಲ್ಲುತ್ತದೆ ಎಂದಷ್ಟೇ ಅದು ತೀರ್ಮಾನಿಸಿತು. ರಾಜ್ಯಗಳು ದಾರಿಯನ್ನು ಎಂದೂ ಮುಚ್ಚುವಂತಿಲ್ಲ ಎಂದು ಅದು ಹೇಳಲಿಲ್ಲ.

ಹೇಳಲಿಲ್ಲ ಎಂಬುದಕ್ಕೆ ಐದೇ ವರ್ಷಗಳಲ್ಲಿ ಸಾಕ್ಷಿ ಸಿಕ್ಕಿತು. ಡೆಲವೇರ್ ರಾಜ್ಯದ ಬ್ಲ್ಯಾಕ್ ಬರ್ಡ್ ಎಂಬ ತೊರೆ ಸಮುದ್ರದ ಉಬ್ಬರ ಒಳನುಗ್ಗುವ, ದೋಣಿ ಸಾಗುವಂಥ ತೊರೆ. ಸುತ್ತಲಿನ ಜೌಗು ನೆಲವನ್ನು ಒಣಗಿಸಲೆಂದು ಅದಕ್ಕೆ ಅಡ್ಡಲಾಗಿ ಅಣೆಕಟ್ಟು ಕಟ್ಟುವ ಅಧಿಕಾರವನ್ನು ರಾಜ್ಯ ಒಂದು ಕಂಪನಿಗೆ ಕೊಟ್ಟಿತು. ವಿಲ್ಸನ್ ಎಂಬಾತನ ದೋಣಿ ಆ ಕಟ್ಟೆಯನ್ನು ಒಡೆದು ನುಗ್ಗಿತು, ಕಂಪನಿ ನಷ್ಟಪರಿಹಾರ ಕೇಳಿತು. ಗಮನಿಸಬೇಕಾದದ್ದೆಂದರೆ, ಗಿಬ್ಬನ್ಸ್‌ನ ಬಳಿ ಇದ್ದಂಥದೇ ಕೇಂದ್ರದ ಲೈಸೆನ್ಸ್ ವಿಲ್ಸನ್‌ನ ದೋಣಿಗೂ ಇತ್ತು. 1829ರಲ್ಲಿ ಅದೇ ಮಾರ್ಷಲ್, ಅದೇ ಕೋರ್ಟಿನಲ್ಲಿ ಕುಳಿತು, ಕಟ್ಟೆ ಸರಿಯಾಗಿಯೇ ಇದೆ ಎಂದರು. ಜೌಗು ಒಣಗಿದರೆ ದಂಡೆಯ ಜಮೀನಿಗೆ ಬೆಲೆ, ಅಲ್ಲಿನ ಜನಕ್ಕೆ ಆರೋಗ್ಯ. ಇವು ರಾಜ್ಯ ನೋಡಿಕೊಳ್ಳಬೇಕಾದ ವಿಷಯಗಳು. ಕಾಂಗ್ರೆಸ್ ಇದಕ್ಕೆ ವಿರುದ್ಧವಾಗಿ ಕಾನೂನು ಮಾಡಿಲ್ಲ. (ಜೌಗು ನೆಲ ಒಣಗಿಸುವುದೇ ಲೋಕೋಪಕಾರ ಎಂದು ನಂಬಿದ್ದ ಕಾಲ ಅದು, ಇವತ್ತಿನ ಪರಿಸರವಾದಿ ಈ ತೀರ್ಪನ್ನು ಓದಿ ಸಂತೋಷಪಡುವುದು ಕಷ್ಟ.) ದೋಣಿ ಓಡಾಡುವ ದಾರಿಯನ್ನು ಒಂಬತ್ತು ತಾಸಲ್ಲ, ಇಪ್ಪತ್ತನಾಲ್ಕು ತಾಸೂ ಮುಚ್ಚಿದ ಕ್ರಮವನ್ನು, ಅಂತಾರಾಜ್ಯ ವಾಣಿಜ್ಯದ ಪಿತಾಮಹ ಎನಿಸಿಕೊಂಡ ನ್ಯಾಯಾಧೀಶರೇ ಎತ್ತಿಹಿಡಿದರು. ಅಮೆರಿಕದ ಹೆಸರು ಹೇಳುವವರು ಗಿಬ್ಬನ್ಸ್ ಪ್ರಕರಣವನ್ನು ನೆನೆದಷ್ಟು ಇದನ್ನು ನೆನೆಯುವುದಿಲ್ಲ.

ನ್ಯೂಯಾರ್ಕಿನ ಏಕಸ್ವಾಮ್ಯಕ್ಕೂ ಡೆಲವೇರಿನ ಅಣೆಕಟ್ಟಿಗೂ ಇದ್ದ ವ್ಯತ್ಯಾಸವೇನು ಎಂಬುದನ್ನು ಸ್ಪಷ್ಟವಾಗಿ ಹೇಳಲು ಕೋರ್ಟಿಗೆ ಇನ್ನೂ ಒಂದು ಶತಮಾನ ಬೇಕಾಯಿತು. ಸಂದರ್ಭ ಒದಗಿಸಿದ್ದು ರಸ್ತೆಯೇ. ದಕ್ಷಿಣ ಕೆರೊಲೈನಾ ತನ್ನ ಹೆದ್ದಾರಿಗಳಲ್ಲಿ 90 ಅಂಗುಲಕ್ಕಿಂತ ಅಗಲವಾದ, 20,000 ಪೌಂಡಿಗಿಂತ ಭಾರವಾದ ಟ್ರಕ್ಕುಗಳನ್ನು ನಿಷೇಧಿಸಿತು. ಆ ಕಾಲಕ್ಕೆ ಅಂತಾರಾಜ್ಯ ಸಾಗಣೆಯಲ್ಲಿದ್ದ ಟ್ರಕ್ಕುಗಳಲ್ಲಿ ಶೇ. 85ರಿಂದ 90ರಷ್ಟು ಈ ಮಿತಿಯನ್ನು ಮೀರುತ್ತಿದ್ದವು. ಅಂದರೆ ರಾಜ್ಯ ಹೆಚ್ಚುಕಡಿಮೆ ತನ್ನ ದಾರಿಯನ್ನೇ ಮುಚ್ಚಿತ್ತು. ಆದರೂ 1938ರ ಬಾರ್ನ್‌ವೆಲ್ ಪ್ರಕರಣದಲ್ಲಿ ನ್ಯಾಯಮೂರ್ತಿ ಹಾರ್ಲನ್ ಸ್ಟೋನ್ ಅದನ್ನು ಉಳಿಸಿದರು. ಅವರು ಕೊಟ್ಟ ಕಾರಣ ತೀರ್ಪಿಗಿಂತ ಮುಖ್ಯ. ರಾಜ್ಯದ ಕಾನೂನಿನ ಹೊರೆ ಮುಖ್ಯವಾಗಿ ಹೊರಗಿನವರ ಮೇಲೆ ಬಿದ್ದರೆ ಒಳಗಿನ ರಾಜಕೀಯ ಅದಕ್ಕೆ ಕಡಿವಾಣ ಹಾಕುವುದಿಲ್ಲ, ಆಗ ಕೋರ್ಟು ಕಣ್ಣಿಡಬೇಕು. ಅದೇ ಹೊರೆಯನ್ನು ರಾಜ್ಯದ ಜನರೂ ಹೊತ್ತಿದ್ದರೆ ಅವರ ಗೊಣಗಾಟವೇ ಹೊರಗಿನವರಿಗೂ ರಕ್ಷಣೆ. ಸ್ಟೋನ್ ಅದೇ ವರ್ಷ ಇನ್ನೊಂದು ಪ್ರಕರಣದ ಅಡಿಟಿಪ್ಪಣಿಯಲ್ಲಿ, ರಾಜಕೀಯದಲ್ಲಿ ದನಿಯಿಲ್ಲದ ಅಲ್ಪಸಂಖ್ಯಾತರ ಬಗ್ಗೆ ಕೋರ್ಟು ಹೆಚ್ಚು ಎಚ್ಚರ ವಹಿಸಬೇಕಾಗಬಹುದು ಎಂದು ಸೂಚಿಸಿದರು. 1980ರಲ್ಲಿ ಜಾನ್ ಹಾರ್ಟ್ ಈಲಿ ಎಂಬ ವಿದ್ವಾಂಸ ಇದೇ ಬೀಜದಿಂದ ಇಡೀ ಸಂವಿಧಾನದ ಓದನ್ನೇ ಬೆಳೆಸಿದರು: ಕೋರ್ಟಿನ ಕೆಲಸ ಒಳ್ಳೆಯ ನೀತಿ ಯಾವುದೆಂದು ಆರಿಸುವುದಲ್ಲ, ಪ್ರಾತಿನಿಧ್ಯ ಮುರಿದುಬಿದ್ದ ಕಡೆ ಅದನ್ನು ಸರಿಪಡಿಸುವುದು. ಮೇಲೆ ಕೇಳಿದ ಮತವಿಲ್ಲದ ನೆರೆಯವರ ಪ್ರಶ್ನೆಗೆ ಇದಕ್ಕಿಂತ ಗಂಭೀರವಾದ ಉತ್ತರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಮೆರಿಕದ ಕೋರ್ಟು ಯಾವಾಗಲೂ ರಾಜ್ಯಗಳ ಪರವಾಗಿಯೇ ನಿಂತಿತು ಎಂದರೆ ಅದೂ ಸುಳ್ಳಾಗುತ್ತದೆ. 1945ರಲ್ಲಿ ಅರಿಜೋನದ ರೈಲು ಉದ್ದದ ಕಾನೂನನ್ನು (ಪ್ರಯಾಣಿಕರ ರೈಲಿಗೆ 14 ಬೋಗಿ, ಸರಕಿನದಕ್ಕೆ 70) ಇದೇ ಸ್ಟೋನ್ ಹೊಡೆದುಹಾಕಿದರು. ಸುರಕ್ಷತೆಯ ಲಾಭ ಅತ್ಯಲ್ಪ, ಉದ್ದದ ರೈಲುಗಳನ್ನು ತುಂಡು ಮಾಡಿದರೆ ರೈಲುಗಳ ಸಂಖ್ಯೆ ಹೆಚ್ಚಿ ಅಪಘಾತಗಳೇ ಹೆಚ್ಚುತ್ತವೆ ಎಂದು ಸಾಕ್ಷ್ಯ ತೋರಿಸಿತ್ತು. 1981ರ ಕ್ಯಾಸೆಲ್ ಪ್ರಕರಣ ಇನ್ನೂ ಪಾಠವಾಗುವಂಥದ್ದು. ಅಯೋವಾ ರಾಜ್ಯ 65 ಅಡಿಯ ಜೋಡಿ ಟ್ರೇಲರ್‌ಗಳನ್ನು ಸುರಕ್ಷತೆಯ ಹೆಸರಿನಲ್ಲಿ ನಿಷೇಧಿಸಿತ್ತು, ಆದರೆ ಗಡಿಯಂಚಿನ ತನ್ನ ಊರುಗಳಿಗೆ ವಿನಾಯಿತಿ ಕೊಟ್ಟಿತ್ತು. ತನ್ನವರಿಗೆ ಅನುಕೂಲವಾಗುವ ಕಡೆ ಅಪಾಯವಿಲ್ಲ, ಬೇರೆಯವರು ಹಾದುಹೋಗುವ ಕಡೆ ಅಪಾಯವಿದೆ ಎಂಬ ಸುರಕ್ಷತೆ ಎಂಥದು? ಕಾನೂನು ಬಿದ್ದುಹೋಯಿತು. ಈ ತೀರ್ಪುಗಳನ್ನು ಸಾಲಾಗಿಟ್ಟು 1986ರಲ್ಲಿ ಡೊನಾಲ್ಡ್ ರೀಗನ್ ಎಂಬ ಪ್ರಾಧ್ಯಾಪಕರು (ಅಧ್ಯಕ್ಷರಿಗೂ ಇವರಿಗೂ ಸಂಬಂಧವಿಲ್ಲ) ಒಂದು ದೀರ್ಘ ಲೇಖನ ಬರೆದರು. ಕೋರ್ಟು ಲಾಭನಷ್ಟಗಳನ್ನು ತಕ್ಕಡಿಯಲ್ಲಿ ತೂಗುತ್ತೇನೆ ಎಂದು ಬಾಯಲ್ಲಿ ಹೇಳುತ್ತದೆ, ಆದರೆ ಕೈಯಲ್ಲಿ ಮಾಡುತ್ತಿರುವುದು ಬೇರೆ, ರಾಜ್ಯ ತನ್ನವರನ್ನು ಪೋಷಿಸಲು ಹೊರಗಿನವರನ್ನು ಹಿಂಡುತ್ತಿದೆಯೇ ಎಂದಷ್ಟೇ ಅದು ಹುಡುಕುತ್ತಿದೆ ಎಂಬುದು ಅವರ ವಾದ. ಇದನ್ನು ಎಲ್ಲರೂ ಒಪ್ಪಲಿಲ್ಲ. ಆದರೆ 2023ರಲ್ಲಿ, ಇಕ್ಕಟ್ಟಿನಲ್ಲಿ ಕೂಡಿಹಾಕಿ ಸಾಕಿದ ಹಂದಿಗಳ ಮಾಂಸ ತನ್ನಲ್ಲಿ ಮಾರಕೂಡದು ಎಂದ ಕ್ಯಾಲಿಫೋರ್ನಿಯಾದ ಕಾನೂನನ್ನು ಉಳಿಸುವಾಗ, ಈ ಸಿದ್ಧಾಂತದ ತಿರುಳು ತಾರತಮ್ಯ ವಿರೋಧವೇ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು.

ಆಸ್ಟ್ರೇಲಿಯಾದ ಕತೆ ಇನ್ನೂ ಸೊಗಸಾಗಿದೆ, ನಮ್ಮ 301 ಹೋಲುವುದೂ ಅದನ್ನೇ. ಅಲ್ಲಿನ ಸಂವಿಧಾನದ 92ನೇ ಪ್ರಕರಣ ರಾಜ್ಯಗಳ ನಡುವಿನ ವ್ಯಾಪಾರ ಸಂಪೂರ್ಣ ಮುಕ್ತ ಎಂದು ಘೋಷಿಸಿತು. ‘ಸಂಪೂರ್ಣ’ ಎಂದರೆ ಎಷ್ಟು ಎಂದು ಎಂಬತ್ತಕ್ಕೂ ಹೆಚ್ಚು ವರ್ಷ ವಕೀಲರು ಕಾದಾಡಿದರು. ಕೊನೆಗೆ 1988ರ ಕೋಲ್ ವಿರುದ್ಧ ವಿಟ್‌ಫೀಲ್ಡ್ ಪ್ರಕರಣದಲ್ಲಿ ಟಾಸ್ಮೇನಿಯಾಕ್ಕೆ ತಂದ ಸಿಗಡಿ ಜಾತಿಯ ಒಂದು ಜೀವಿ ಅದನ್ನು ಬಗೆಹರಿಸಿತು. ಸಣ್ಣ ಗಾತ್ರದವನ್ನು ಇಟ್ಟುಕೊಳ್ಳುವುದನ್ನೇ ಟಾಸ್ಮೇನಿಯಾ ನಿಷೇಧಿಸಿತ್ತು, ಬೇರೆ ರಾಜ್ಯದಲ್ಲಿ ಕಾನೂನುಬದ್ಧವಾಗಿ ಹಿಡಿದು ತಂದದ್ದಕ್ಕೂ ಅದು ಅನ್ವಯಿಸುತ್ತಿತ್ತು. ಸಂತತಿ ಉಳಿಸುವುದಕ್ಕಾಗಿ ಎಲ್ಲರಿಗೂ ಒಂದೇ ರೀತಿ ಹಾಕಿದ ನಿಯಮ ವ್ಯಾಪಾರವನ್ನು ತಡೆದರೂ ಸ್ವಾತಂತ್ರ್ಯವನ್ನು ಮುರಿಯುವುದಿಲ್ಲ, ಸ್ಥಳೀಯರಿಗೆ ರಕ್ಷಣೆ ಕೊಡುವ ತಾರತಮ್ಯ ಮಾತ್ರ ಮುರಿಯುತ್ತದೆ ಎಂದು ಅಲ್ಲಿನ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ ಒಮ್ಮತದಿಂದ ಹೇಳಿತು.

ಈಗ ಗುಂಡ್ಲುಪೇಟೆಗೆ ಬರೋಣ. ಈ ಇನ್ನೂರು ವರ್ಷಗಳ ಜಗಳದಿಂದ ನಮಗೆ ದಕ್ಕುವುದು ಮೂರು ಪ್ರಶ್ನೆಗಳು. 1. ಮುಚ್ಚುವ ನಿಯಮ ರಾಜ್ಯದ ಗಡಿಯನ್ನು ನೋಡಿ ಮಾಡಿದ್ದೋ, ಅಥವಾ ಗಡಿಗೆ ಸಂಬಂಧವಿಲ್ಲದ ಬೇರೆ ಕಾರಣವನ್ನು ನೋಡಿಯೋ? 2. ಅದರ ಹೊರೆಯನ್ನು ನಿಯಮ ಮಾಡಿದ ರಾಜ್ಯದ ಜನರೂ ಹೊರುತ್ತಿದ್ದಾರೆಯೇ? 3. ಹೇಳಿದ ಉದ್ದೇಶ ನಿಜವೇ, ಅದನ್ನು ಸಾಧಿಸಲು ಇದಕ್ಕಿಂತ ಹಗುರವಾದ ದಾರಿ ಇತ್ತೇ? ಮೊದಲ ಪ್ರಶ್ನೆಗೆ ಬಂಡೀಪುರದಲ್ಲಿ ಉತ್ತರ ಸುಲಭ. ಗೇಟು ಇರುವುದು ಕಾಡು ಶುರುವಾಗುವ ಕಡೆ, ಅದು ನೋಡುವುದು ಗಡಿಯಾರವನ್ನು, ನಂಬರ್ ಪ್ಲೇಟನ್ನಲ್ಲ. ಎರಡನೆಯದಕ್ಕೆ ಉತ್ತರ ಬೇಕಾದವರು ತೆರಕಣಾಂಬಿಯ ತರಕಾರಿ ಮಾರುಕಟ್ಟೆಯಲ್ಲಿ ಸಂಜೆ ಹೊತ್ತು ನಿಂತು ನೋಡಬೇಕು. ಬೀನ್ಸು, ಟೊಮೆಟೊ, ಎಲೆಕೋಸು ಹೊತ್ತ ಟೆಂಪೊ ಮತ್ತು ಲಾರಿಗಳ ಮುಖ ಬಹುಪಾಲು ಕೇರಳದ ಕಡೆಗೇ ಇರುತ್ತದೆ. ಓಣಂ ಹತ್ತಿರ ಬಂದಾಗ ಅದೇ ದಾರಿಯಲ್ಲಿ ಚೆಂಡು ಹೂವೂ ಹೋಗುತ್ತದೆ. ಬೆಳಿಗ್ಗೆ ಕಿತ್ತ ಮಾಲು ಮಧ್ಯಾಹ್ನ ಹರಾಜಾಗಿ, ಲೋಡಾಗಿ, ಒಂಬತ್ತರೊಳಗೆ ಮದ್ದೂರು ಚೆಕ್‌ಪೋಸ್ಟ್ ದಾಟಬೇಕು. ಹಮಾಲಿ ತಡವಾಯಿತೋ, ಟೈರು ಪಂಕ್ಚರಾಯಿತೋ, ಗಾಡಿ ಬೆಳಗಿನ ಆರರ ತನಕ ಅಲ್ಲೇ ನಿಲ್ಲುತ್ತದೆ. ಅತ್ತ ಬೆಳಗಿನ ಮಾರುಕಟ್ಟೆ ಕೈತಪ್ಪುತ್ತದೆ. ವ್ಯಾಪಾರಿ ಈ ನಷ್ಟದ ಭಯವನ್ನು ತನ್ನ ಹರಾಜಿನ ಬೆಲೆಯಲ್ಲೇ ಕಳೆದು ಕೂಗುತ್ತಾನೆ. ಅಂದರೆ ನಿಷೇಧದ ಬೆಲೆಯ ಒಂದು ಪಾಲು ಗುಂಡ್ಲುಪೇಟೆ ತಾಲ್ಲೂಕಿನ ರೈತನ ಜೇಬಿನಿಂದಲೇ ಹೋಗುತ್ತದೆ. ಈ ರೈತನಿಗೆ ಕರ್ನಾಟಕದಲ್ಲಿ ಮತವಿದೆ, ಶಾಸಕರಿದ್ದಾರೆ, ರಸ್ತೆ ತಡೆ ಮಾಡುವ ಸಂಘವಿದೆ. ಸ್ಟೋನ್ ಹೇಳಿದ ಒಳಗಿನ ಕಡಿವಾಣ ಎಂದರೆ ಇದೇ. ಬತ್ತೇರಿಯ ವ್ಯಾಪಾರಿಗೆ ವಿಧಾನಸೌಧದಲ್ಲಿ ದನಿಯಿಲ್ಲ ಎನ್ನುವುದು ನಿಜ, ಆದರೆ ಅವನ ಹಿತಾಸಕ್ತಿಗೆ ದನಿಯಿಲ್ಲ ಎನ್ನಲಾಗದು.

ಈ ಮೂರು ಪ್ರಶ್ನೆಗಳು ಕರ್ನಾಟಕದ ಪರವಾಗಿ ಹೆಣೆದ ಬಲೆಯಲ್ಲ ಎಂಬುದಕ್ಕೆ ಮಂಗಳೂರು-ಕಾಸರಗೋಡು ಗಡಿಯ ತಲಪಾಡಿಯನ್ನು ನೋಡಬೇಕು. 2020ರ ಮಾರ್ಚ್‌ನಲ್ಲಿ ಕೊರೊನಾ ಲಾಕ್‌ಡೌನ್ ಶುರುವಾದಾಗ ಕರ್ನಾಟಕವು ಕಾಸರಗೋಡಿನಿಂದ ಮಂಗಳೂರಿಗೆ ಬರುವ ದಾರಿಗಳನ್ನು ಮುಚ್ಚಿತು. ಹಲವು ಒಳರಸ್ತೆಗಳಿಗೆ ಮಣ್ಣು ಸುರಿಯಿತು. ಕಾಸರಗೋಡಿನ ಜನ ದೊಡ್ಡ ಕಾಯಿಲೆಗೆ ಮೊದಲಿನಿಂದಲೂ ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿದವರು, ಆಂಬ್ಯುಲೆನ್ಸುಗಳೂ ಗಡಿಯಲ್ಲಿ ನಿಂತವು. ಅದೇ ಕರ್ನಾಟಕ, ಅದೇ ಕೇರಳ, ಮತ್ತೆ ರಾಷ್ಟ್ರೀಯ ಹೆದ್ದಾರಿ. ಆದರೆ ಮೂರು ಪ್ರಶ್ನೆಗಳಿಗೂ ಉತ್ತರ ತಿರುಗಿಬಿತ್ತು. ನಿಯಮ ನೋಡಿದ್ದು ಗಡಿಯನ್ನೇ, ಗಡಿಯ ಈಚೆಗಿನ ಉಳ್ಳಾಲದ ರೋಗಿ ಅದೇ ಆಸ್ಪತ್ರೆಗೆ ಹೋಗಬಹುದಿತ್ತು, ಆಚೆಗಿನ ಮಂಜೇಶ್ವರದವನು ಹೋಗುವಂತಿರಲಿಲ್ಲ. ಹೊರೆ ಬಿದ್ದದ್ದು ಕರ್ನಾಟಕದಲ್ಲಿ ಮತವಿಲ್ಲದವರ ಮೇಲೆ. ಅವರಲ್ಲಿ ಬಹಳ ಮಂದಿ ಮನೆಯಲ್ಲಿ ಕನ್ನಡ, ತುಳು ಆಡುವವರು ಎಂಬುದು ಇನ್ನೊಂದು ವ್ಯಂಗ್ಯ, ಕನ್ನಡದ ಹೆಸರಿನಲ್ಲಿ ಕಾಸರಗೋಡು ನಮ್ಮದು ಎನ್ನುವವರು ಆ ವಾರ ಮೌನವಾಗಿದ್ದರು. ಸೋಂಕು ತಡೆಯುವ ಉದ್ದೇಶ ನಿಜವಾದದ್ದೇ, ಆಗ ಕಾಸರಗೋಡಿನಲ್ಲಿ ಸೋಂಕು ಹೆಚ್ಚಿದ್ದೂ ನಿಜ. ಗಡಿ ನೋಡಿ ಮಾಡಿದ ನಿಯಮವೂ ಕೆಲವೊಮ್ಮೆ ನಿಲ್ಲಬಹುದು. ಅಮೆರಿಕದ 1986ರ ಮೇನ್ ವಿರುದ್ಧ ಟೇಲರ್ ಪ್ರಕರಣದಲ್ಲಿ ಹೊರಗಿನಿಂದ ಜೀವಂತ ಗಾಳದ ಮೀನು ತರುವುದನ್ನು ನಿಷೇಧಿಸಿದ ಕಾನೂನು ಉಳಿಯಿತು, ಏಕೆಂದರೆ ಆ ಮೀನಿನ ಜೊತೆ ಬರುವ ಪರೋಪಜೀವಿಗಳನ್ನು ಪತ್ತೆ ಹಚ್ಚುವ ಬೇರೆ ವಿಧಾನವೇ ಇಲ್ಲ ಎಂದು ರಾಜ್ಯ ಸಾಬೀತು ಮಾಡಿತ್ತು. ತಲಪಾಡಿಯಲ್ಲಿ ಬೇರೆ ವಿಧಾನವಿತ್ತು: ವೈದ್ಯರ ಪತ್ರ ನೋಡಿ ರೋಗಿಯನ್ನು ಬಿಡುವುದು. 2020ರ ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆರವುಗೊಳಿಸುವಂತೆ ಕೇಂದ್ರಕ್ಕೆ ಸೂಚಿಸಿತು, ಕೊನೆಗೆ ಸುಪ್ರೀಂ ಕೋರ್ಟಿನ ಮುಂದೆ ಆದ ಒಪ್ಪಂದವೂ ಹೆಚ್ಚುಕಡಿಮೆ ಹಾಗೆ ರೋಗಿಗಳನ್ನು ಬಿಡುವುದೇ ಆಗಿತ್ತು. ಬಂಡೀಪುರ ಮತ್ತು ತಲಪಾಡಿಯನ್ನು ಒಂದೇ ಉಸಿರಿನಲ್ಲಿ ‘ಕರ್ನಾಟಕದ ದಾರ್ಷ್ಟ್ಯ’ ಎಂದು ಕರೆಯುವವರೂ, ಎರಡನ್ನೂ ಒಂದೇ ಉಸಿರಿನಲ್ಲಿ ಸಮರ್ಥಿಸುವವರೂ ಒಂದೇ ತಪ್ಪು ಮಾಡುತ್ತಿದ್ದಾರೆ.

ನಿಷೇಧದ ವಿರೋಧಿಗಳ ಬಳಿ ಇನ್ನೂ ಎರಡು ಆಕ್ಷೇಪಗಳಿವೆ, ಅವು ಕಾನೂನಿನ ಒಳಗಿನವು. ಮೊದಲನೆಯದು, ರಾಷ್ಟ್ರೀಯ ಹೆದ್ದಾರಿ ಕೇಂದ್ರ ಪಟ್ಟಿಯ ವಿಷಯ, ಜಿಲ್ಲಾಧಿಕಾರಿಗೆ ಅದರಲ್ಲೇನು ಕೆಲಸ? ಆದರೆ ಹೆದ್ದಾರಿ ಕೇಂದ್ರದ್ದಾದರೂ ಅದರ ಮೇಲಿನ ವಾಹನ ಸಂಚಾರ ಮೋಟಾರು ವಾಹನ ಕಾಯ್ದೆಯ ವಿಷಯ. 1988ರ ಆ ಕಾಯ್ದೆಯನ್ನು ಮಾಡಿದ್ದು ಸಂಸತ್ತೇ, ಅದರ 115ನೇ ಕಲಮು ಸಂಚಾರ ನಿಷೇಧಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೂ ಅದು ನೇಮಿಸಿದ ಪ್ರಾಧಿಕಾರಕ್ಕೂ ಕೊಟ್ಟಿದೆ. ಆದ್ದರಿಂದ ಇದು 304(ಬಿ) ಬೇಡುವ ರಾಜ್ಯದ ಕಾನೂನಲ್ಲ, 302ರ ದಾರಿಯಲ್ಲಿ ಬಂದ ಸಂಸತ್ತಿನ ಕಾನೂನು. ಗಿಬ್ಬನ್ಸ್ ಪ್ರಕರಣದ ತರ್ಕವನ್ನು ಇಲ್ಲಿಗೆ ತಂದರೂ ಅದು ಗೇಟಿನ ಪರವಾಗಿಯೇ ನಿಲ್ಲುತ್ತದೆ. ಎರಡನೆಯ ಆಕ್ಷೇಪ ಹೆಚ್ಚು ಮೊನಚಾದದ್ದು. 115ನೇ ಕಲಮು ಹೇಳುವ ಕಾರಣಗಳು ಸಾರ್ವಜನಿಕ ಸುರಕ್ಷತೆ ಅಥವಾ ಅನುಕೂಲ, ಇಲ್ಲವೇ ರಸ್ತೆ ಮತ್ತು ಸೇತುವೆಯ ಸ್ವರೂಪ. ಹುಲಿ, ಆನೆ, ಜಿಂಕೆಗಳ ಮಾತು ಅಲ್ಲಿಲ್ಲ. ರಾತ್ರಿ ಹೊತ್ತು ಆನೆ ಹಿಂಡು ದಾಟುವ ರಸ್ತೆ ಸವಾರನಿಗೂ ಅಪಾಯ ಎನ್ನಬಹುದು, ನ್ಯಾಯವಾಗಿಯೂ ಅದು ಸರಿಯೇ. ಆದರೆ ಈ ಕಲಮಿನ ಮೇಲೆ ಇಡೀ ಅರಣ್ಯ ನೀತಿಯನ್ನು ಹೊರಿಸುವುದು ಸುಲಭವಲ್ಲ. ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಆಸರೆ ಬೇಕು, ಹುಲಿ ಸಂರಕ್ಷಿತ ಪ್ರದೇಶವನ್ನು ಪರಿಸರಕ್ಕೆ ಒಗ್ಗದ ಬಳಕೆಗೆ ತಿರುಗಿಸಬಾರದು ಎಂದು ಅದಕ್ಕೆ ಆಮೇಲೆ ಸೇರಿದ ಭಾಗ ಹೇಳುತ್ತದೆ. ನಮ್ಮ ಸುಪ್ರೀಂ ಕೋರ್ಟಿನ ಹಳೆಯ ಪೂರ್ವನಿದರ್ಶನಗಳೂ ಇಲ್ಲಿ ನೇರವಾಗಿ ಸಹಾಯಕ್ಕೆ ಬರುವುದಿಲ್ಲ. ಅತಿಯಾಬರಿ ಚಹಾ ಕಂಪನಿಯ ಪ್ರಕರಣದಲ್ಲಿ ಸಂಚಾರಕ್ಕೆ ನೇರವಾಗಿ, ತಕ್ಷಣವಾಗಿ ಅಡ್ಡಿಯಾಗುವುದನ್ನು 301 ತಡೆಯುತ್ತದೆ ಎಂದಿತು. ಆಮೇಲೆ, 1962ರ ಆಟೋಮೊಬೈಲ್ ಟ್ರಾನ್ಸ್‌ಪೋರ್ಟ್ ಪ್ರಕರಣದಲ್ಲಿ, ಸಂಚಾರವನ್ನು ಸುಗಮಗೊಳಿಸುವ ನಿಯಂತ್ರಣಗಳು ಅಡ್ಡಿಯೇ ಅಲ್ಲ ಎಂದು ಅದನ್ನು ಸಡಿಲಿಸಿತು. ಎಡಗಡೆ ಓಡಿಸಿ ಎಂಬ ನಿಯಮ ಸಂಚಾರವನ್ನು ಸುಗಮಗೊಳಿಸುತ್ತದೆ, ಗೇಟು ಹಾಕುವ ನಿಯಮ ಹಾಗಲ್ಲ. ಆದ್ದರಿಂದ ‘ಇದು ಬರೀ ಸಂಚಾರ ನಿಯಂತ್ರಣ’ ಎಂದು ಕರ್ನಾಟಕ ವಾದಿಸಿದರೆ ಅದು ದುರ್ಬಲ ವಾದ. ಇದು ಅಡ್ಡಿಯೇ ಹೌದು, ಆದರೆ ಸಂಸತ್ತು ಅನುಮತಿಸಿದ, ತಾರತಮ್ಯವಿಲ್ಲದ, ಸಮಂಜಸವಾದ ಅಡ್ಡಿ ಎಂದು ಒಪ್ಪಿಕೊಂಡೇ ವಾದಿಸುವುದು ಪ್ರಾಮಾಣಿಕವೂ ಹೌದು, ಗಟ್ಟಿಯೂ ಹೌದು. ತೆರಿಗೆಯ ವಿಷಯದಲ್ಲಿ 2016ರ ಜಿಂದಾಲ್ ಸ್ಟೇನ್‌ಲೆಸ್ ಪ್ರಕರಣದ ಒಂಬತ್ತು ನ್ಯಾಯಮೂರ್ತಿಗಳ ಪೀಠ, ತಾರತಮ್ಯವಿದ್ದರೆ ಮಾತ್ರ 301ಕ್ಕೆ ಧಕ್ಕೆ ಎಂಬ ನಿಲುವಿಗೆ ಬಹುಮತದಿಂದ ಬಂದಿದೆ. ಗಾಳಿ ಬೀಸುತ್ತಿರುವ ದಿಕ್ಕು ಇಲ್ಲೂ ಅದೇ.

ಕಾಡಿನ ಪರವಾಗಿ ನಿಂತವರ ಗೊಂದಲವೂ ಕಡಿಮೆಯದಲ್ಲ. 1976ರ 42ನೇ ತಿದ್ದುಪಡಿಯಿಂದ ಬಂದ 48ಎ ವಿಧಿ ಅರಣ್ಯ ಮತ್ತು ವನ್ಯಜೀವಿಗಳನ್ನು ರಕ್ಷಿಸಲು ರಾಜ್ಯ ಯತ್ನಿಸಬೇಕು ಎನ್ನುತ್ತದೆ, ಆದ್ದರಿಂದ ಗೇಟಿನ ಪ್ರಶ್ನೆ ಅಲ್ಲಿಗೇ ಮುಗಿಯಿತು ಎಂಬುದು ಅವರ ವಾದ. 48ಎ ನಿರ್ದೇಶಕ ತತ್ವ. ನಿರ್ಬಂಧ ಸಮಂಜಸವೇ ಎಂದು ಅಳೆಯುವಾಗ ಅದು ತೂಕಕ್ಕೆ ಬರುತ್ತದೆ, ತಾನೇ ಒಂದು ರಸ್ತೆಯನ್ನು ಮುಚ್ಚುವುದಿಲ್ಲ. ಇಲ್ಲೇ ಅಮೆರಿಕಕ್ಕೂ ನಮಗೂ ಇರುವ ನಿಜವಾದ ಅಂತರ ಕಾಣುವುದು, ಪಿಯುಸಿ ಪುಸ್ತಕದ ‘ಯಾವ ದೇಶದಿಂದ ಯಾವ ಅಂಶ’ ಎಂಬ ಪಟ್ಟಿಯಲ್ಲಿ ಅದು ಕಾಣುವುದಿಲ್ಲ. ಅಲ್ಲಿನ ಕೋರ್ಟು ಈ ಕ್ಷೇತ್ರದಲ್ಲಿ ಮಾಡುವುದು ಮುಚ್ಚಿದ್ದನ್ನು ತೆರೆಸುವ ಕೆಲಸವನ್ನು ಮಾತ್ರ. ಮುಚ್ಚಿ ಎಂದು ಆಜ್ಞೆ ಮಾಡಲು ಅದಕ್ಕೆ ಸಂವಿಧಾನದಲ್ಲಿ ಯಾವ ಹಿಡಿಕೆಯೂ ಇಲ್ಲ. ನಮ್ಮಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಆ ಹಿಡಿಕೆಯನ್ನು ಒದಗಿಸಿದೆ, 2009ರಲ್ಲಿ ಆದದ್ದೂ ಅದೇ, ಆಡಳಿತ ತೆರೆದದ್ದನ್ನು ಕೋರ್ಟು ಮುಚ್ಚಿಸಿತು. ಇದರಿಂದ ಈಲಿಯಂಥವರಿಗೆ ತಳಮಳವಾಗುತ್ತಿತ್ತು, ನನಗೂ ಸ್ವಲ್ಪ ಆಗುತ್ತದೆ. ಅಧಿಕಾರಿಯ ಆದೇಶಕ್ಕೆ ಕಾರಣಗಳಿದ್ದವು, ವಾಪಸಿಗೆ ಕಾಣುವಂತಿದ್ದದ್ದು ಒತ್ತಡ ಮಾತ್ರ ಎಂಬಷ್ಟಕ್ಕೆ ಕೋರ್ಟಿನ ಮಧ್ಯಪ್ರವೇಶವನ್ನು ಸೀಮಿತಗೊಳಿಸಿ ಓದಿದರೆ ಅದು ಸಮರ್ಥನೀಯ. ಕಾಡಿನ ರಸ್ತೆಗಳ ವೇಳಾಪಟ್ಟಿ ಬರೆಯುವುದು ಕೋರ್ಟಿನ ಕೆಲಸ ಎಂದು ಓದಿದರೆ ಅಲ್ಲ.

ನಿಲುವಿನ ಸ್ಥಿರತೆಯ ಪರೀಕ್ಷೆ ಚಾಮರಾಜನಗರದ ಇನ್ನೊಂದು ಗಡಿಯಲ್ಲೇ ಇದೆ. ಪುಣಜನೂರು ದಾಟಿ ಹಾಸನೂರು, ದಿಂಬಂ ಘಟ್ಟದ ಮೂಲಕ ಸತ್ಯಮಂಗಲಕ್ಕೆ ಇಳಿಯುವ ಹೆದ್ದಾರಿಯಲ್ಲಿ, ಮದ್ರಾಸ್ ಹೈಕೋರ್ಟಿನ ಆದೇಶದ ಮೇಲೆ 2022ರ ಫೆಬ್ರವರಿಯಿಂದ ತಮಿಳುನಾಡು ರಾತ್ರಿ ಸಂಚಾರ ನಿರ್ಬಂಧಿಸಿತು. ಅಲ್ಲಿ ಹೊರಗಿನವರು ನಾವು. ಬಂಡೀಪುರದ ಗೇಟಿಗೆ ಜೈ ಎಂದವರು ಇದಕ್ಕೂ ಜೈ ಎನ್ನಬೇಕು, ಇಲ್ಲವಾದರೆ ಅವರು ಕಾಡಿನ ಪರವಲ್ಲ, ಕರ್ನಾಟಕದ ಪರ ಅಷ್ಟೆ. ಇದೇ ಜಾಡಿನಲ್ಲಿ ಇನ್ನೊಂದು ಆಮಿಷವಿದೆ, ಅದನ್ನು ಈಗಲೇ ಹೆಸರಿಸಿಬಿಡುವುದು ಒಳ್ಳೆಯದು. ಕಾಡಿನ ರಸ್ತೆಯಲ್ಲಿ ಹೊರರಾಜ್ಯದ ನೋಂದಣಿಯ ವಾಹನಕ್ಕೆ ಮಾತ್ರ ಶುಲ್ಕ ಹಾಕಿ, ನಮ್ಮವನ್ನು ಹಾಗೇ ಬಿಡುವುದು. ಚಿರತೆಗೆ ಕೆಎ ನಂಬರಿನ ಕಾರು ಬಡಿದರೂ ಕೆಎಲ್ ನಂಬರಿನ ಕಾರು ಬಡಿದರೂ ಸಾವು ಒಂದೇ. ಹಾಗೆ ಶುಲ್ಕ ಹಾಕಿದ ದಿನ ಬಂಡೀಪುರದ ವಾದ ಅಯೋವಾದ ವಾದವಾಗುತ್ತದೆ: ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಉಳಿಯುವುದು ಮೂರನೆಯ ಪ್ರಶ್ನೆ, ಹಗುರವಾದ ದಾರಿಯದು. ರಾತ್ರಿ ನಿಷೇಧದ ಮಟ್ಟಿಗೆ ಕರ್ನಾಟಕದ ಉತ್ತರ ಸಮಾಧಾನಕರವಾಗಿದೆ. ಆಂಬ್ಯುಲೆನ್ಸಿಗೆ, ಎರಡೂ ರಾಜ್ಯಗಳ ಕೆಲವು ಸರ್ಕಾರಿ ಬಸ್ಸುಗಳಿಗೆ ಬಿಡುಗಡೆಯಿದೆ, ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೂಲಕ ಮಾನಂದವಾಡಿಗೆ ಹೋಗುವ ಬದಲಿ ದಾರಿಯಿದೆ. ಕೇರಳದ ಕಡೆಯವರು ಮುಂದಿಡುವ ಎತ್ತರದ ಸೇತುವೆ ರಸ್ತೆಯನ್ನು ಹುಲಿ ಕಾಡಿನ ನಡುವೆ ವರ್ಷಗಟ್ಟಲೆ ಕಟ್ಟುವುದು ಹಗುರವಾದ ದಾರಿ ಎನ್ನಲು ಧೈರ್ಯ ಬೇಕು. ಆದರೆ 2019ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಬದಲಿ ದಾರಿಯನ್ನು ಮೇಲ್ದರ್ಜೆಗೇರಿಸಿ 766ನ್ನು ಹಗಲೂ ಮುಚ್ಚಬಹುದೇ ಎಂದು ಕೇಳಿದಾಗ ಪ್ರಶ್ನೆಯೇ ಬದಲಾಯಿತು. ಬತ್ತೇರಿಯಲ್ಲಿ ಜನ ಉಪವಾಸ ಕುಳಿತರು, ಅವರ ಕೋಪಕ್ಕೆ ಅರ್ಥವಿತ್ತು. ರಾತ್ರಿಯ ಒಂಬತ್ತು ತಾಸಿಗೆ ಕೊಟ್ಟ ಕಾರಣಗಳನ್ನು ಉಳಿದ ಹದಿನೈದು ತಾಸಿಗೆ ಹಾಗೆಯೇ ಎಳೆಯಲು ಬರುವುದಿಲ್ಲ. ನಿಶಾಚರ ಪ್ರಾಣಿಗಳ ಓಡಾಟ, ದೀಪದ ಬೆಳಕಿಗೆ ಕಣ್ಣು ಕೋರೈಸಿ ನಿಂತುಬಿಡುವ ಜಿಂಕೆ, ಖಾಲಿ ರಸ್ತೆಯಲ್ಲಿ ಮಿತಿಮೀರುವ ವೇಗ, ಇವೆಲ್ಲ ರಾತ್ರಿಯ ಕಾರಣಗಳು. ಹಗಲಿಗೆ ವೇಗಮಿತಿ, ಹಂಪು, ವಾಹನಗಳ ಸಂಖ್ಯೆಗೆ ಮಿತಿ, ಬೆಂಗಾವಲಿನಲ್ಲಿ ಗುಂಪಾಗಿ ಬಿಡುವುದು ಹೀಗೆ ಹಗುರವಾದ ದಾರಿಗಳು ಸಾಲಾಗಿವೆ. ಅವು ಯಾವುವೂ ಸಾಲವು ಎಂದು ತೋರಿಸದೆ ಇಡೀ ದಿನ ಮುಚ್ಚುವಂತಿಲ್ಲ, ತೋರಿಸುವ ಹೊಣೆ ಇರುವುದೂ ಮುಚ್ಚಬೇಕೆನ್ನುವವರ ಮೇಲೆ. ಮೇನ್ ರಾಜ್ಯ ತನ್ನ ಮೀನಿನ ಪ್ರಕರಣದಲ್ಲಿ ವಿಜ್ಞಾನಿಗಳನ್ನು ಸಾಕ್ಷಿಕಟ್ಟೆಗೆ ಹತ್ತಿಸಿ ಗೆದ್ದಿತು. ಅರಣ್ಯ ಇಲಾಖೆಯ ಕಡತಗಳಲ್ಲಿ ಹಗಲಿನ ಸಾವುಗಳ, ದಾಟುವ ಜಾಗಗಳ, ವೇಗದ ಅಳತೆಗಳ ದಾಖಲೆ ಇದ್ದರೆ ಅದನ್ನು ಕೋರ್ಟಿನ ಮುಂದೆ ಇಡಬೇಕು. ಇಲ್ಲದಿದ್ದರೆ ಕರ್ನಾಟಕ ರಾತ್ರಿಯ ಗೇಟನ್ನು ಗಟ್ಟಿಯಾಗಿ ಹಿಡಿದುಕೊಂಡು ಹಗಲಿನದನ್ನು ಕೇಳದಿರುವುದೇ ಲೇಸು, ಏಕೆಂದರೆ ಎರಡನ್ನೂ ಒಟ್ಟಿಗೆ ಕೇಳಿದ ಅರ್ಜಿ ಎರಡನ್ನೂ ಕಳೆದುಕೊಳ್ಳುವ ಸಾಧ್ಯತೆಯಿದೆ.